24 ಗಂಟೆ ಡ್ಯೂಟಿ ಇನ್ನು ಇಲ್ಲ: ನಮ್ಮ ಮನೆಗಳವರಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ಒಬ್ಬಳೇ ಕೇರ್‌ಟೇಕರ್ ಹಗಲೂ ರಾತ್ರಿ ನಿಮ್ಮ ಮನೆಯಲ್ಲಿ ಇರುವ ವ್ಯವಸ್ಥೆಯನ್ನು, ಹಿರಿಯರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಮನೆಗಳಿಗೆ ಕೇರ್‌ಟೇಕರ್‌ಗಳನ್ನು ಕಳಿಸುವ ನಮ್ಮ ಸಂಘ ನಿಲ್ಲಿಸುತ್ತಿದೆ. ಬೆಳಿಗ್ಗೆ 8ರಿಂದ ರಾತ್ರಿ 8 ಒಂದು ಪಾಳಿ, ರಾತ್ರಿ 8ರಿಂದ ಬೆಳಿಗ್ಗೆ 8 ಇನ್ನೊಂದು. ಒಂದು ಪಾಳಿಗೆ ತಿಂಗಳಿಗೆ 21,000 ರೂಪಾಯಿ. ಮೊದಲು 24 ಗಂಟೆಗೇ 24,000 ಇತ್ತಲ್ಲ ಅಂತ ನೀವು ಕೇಳುತ್ತೀರಿ, ಕೇಳುತ್ತಲೂ ಇದ್ದೀರಿ. ವಾಟ್ಸಾಪ್‌ನಲ್ಲಿ ಸುದ್ದಿ ನಮಗಿಂತ ಮೊದಲೇ ಮೈಸೂರು ಸುತ್ತಿ ಬಂದಿದೆ. ನಿಮಗೆ ಮೊದಲು ನಾವೇ ಹೇಳಬೇಕಿತ್ತು. ಹೇಳಲಿಲ್ಲ, ಕ್ಷಮಿಸಿ.

ಆದರೆ ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಲ್ಲ. ಈಚೆಗೆ ಒಂದು ಮನೆಯಲ್ಲಿ ತಾತ ರಾತ್ರಿ 3 ಗಂಟೆಗೆ ಬಾತ್‌ರೂಮಿಗೆ ಅಂತ ಎದ್ದು ಬಿದ್ದರು. ಸೊಂಟದ ಮೂಳೆ ಮುರಿಯಿತು. ನಮ್ಮ ಹುಡುಗಿ ಅಲ್ಲೇ ಮಂಚದ ಪಕ್ಕ ಚಾಪೆ ಮೇಲೆ ನಿದ್ದೆ ಹೋಗಿದ್ದಳು. ಮನೆಯವರು ಬೈದರು, ಬೈಸಿಕೊಂಡೆವು. ಆಮೇಲೆ ಡ್ಯೂಟಿ ಪುಸ್ತಕ ತೆಗೆದು ನೋಡಿದರೆ ಅವಳಿಗೆ 19 ದಿನದಿಂದ ಒಂದು ರಜೆಯೂ ಇಲ್ಲ. ತಾತ ರಾತ್ರಿಗೆ ಐದಾರು ಸಲ ಕರೆಯುತ್ತಿದ್ದರು, ಹಗಲು ಅಡುಗೆಮನೆ ಕೆಲಸವೂ ಅವಳ ಮೇಲೇ ಬೀಳುತ್ತಿತ್ತು. ಹಾಗೆ ಕಳಿಸಿದ್ದು ನಾವು. ತಪ್ಪು ಅವಳದಲ್ಲ.

ಈಗ ಆ ಮಾತಿಗೆ ಬರುತ್ತೇನೆ. ವರ್ಷಗಳಿಂದ ಕೇಳಿಸಿಕೊಂಡಿದ್ದೇವೆ, ಈ ವಾರವಂತೂ ದಿನಕ್ಕೆ ನಾಲ್ಕು ಸಲ: "ಆ ಹೆಂಗಸಿಗೆ ನೀವು ಕೊಡೋದು ಎಷ್ಟು, ಅರ್ಧ ನಿಮ್ಮ ಜೇಬಿಗೇ ಅಲ್ವಾ?"

ಲೆಕ್ಕ ಹೇಳಿಬಿಡುತ್ತೇನೆ. 21,000ದಲ್ಲಿ ಆಕೆಯ ಸಂಬಳ 15,000. ಅದರ ಮೇಲೆ ನಾವು ಕಟ್ಟುವ ಪಿಎಫ್, ಅದರ ಆಡಳಿತ ಖರ್ಚು ಎಲ್ಲ ಸೇರಿ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಸುಮಾರು 488. ವಾರಕ್ಕೊಂದು ರಜೆ ಅಂದರೆ ತಿಂಗಳಲ್ಲಿ ನಾಲ್ಕು ದಿನ ಬದಲಿಯವರು ಬರಬೇಕು, ಅವರ ಕೂಲಿ, ಪಿಎಫ್ ಎಲ್ಲ ಸೇರಿ 2,680. ಕಳೆದು ನೋಡಿ. ಉಳಿಯೋದು 882 ರೂಪಾಯಿ. ಆಫೀಸ್ ಬಾಡಿಗೆ, ಫೋನು, ಮನೆಮನೆಗೆ ಬಂದು ನೋಡುವ ನರ್ಸ್ ಸಿಸ್ಟರ್‌ನ ಪೆಟ್ರೋಲು ಎಲ್ಲ ಅದರಲ್ಲೇ ಆಗಬೇಕು. ಪಿಎಫ್ ಕಟ್ಟದೆ ಹೆಂಗಸರನ್ನು ಕಳಿಸುವ ಏಜೆಂಟರು ಊರಲ್ಲಿ ಇದ್ದಾರೆ, ಅವರ ರೇಟು ಕಡಿಮೆಯೇ. ಆಕೆಗೆ ಜ್ವರ ಬಂದ ದಿನ ಅವರಿಗೆ ಫೋನ್ ಮಾಡಿ ನೋಡಿ.

"ಬಸ್ಸು ಫ್ರೀ ತಾನೆ, ಓಡಾಟದ ಖರ್ಚು ಯಾಕೆ?" ಅಂತ ಇನ್ನೊಂದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ನಮ್ಮವರಿಗೆ ದೊಡ್ಡ ಉಪಕಾರವೇ ಆಗಿದೆ. ಆದರೆ ರಾತ್ರಿ 8ಕ್ಕೆ ಪಾಳಿ ಮುಗಿಸಿ ಎಚ್.ಡಿ. ಕೋಟೆ ಕಡೆಯ ಹಳ್ಳಿಗೆ ಹೋಗುವವಳಿಗೆ ಕೊನೆಯ ಬಸ್ಸು ತಪ್ಪಿದರೆ ಆಟೋದವನು ಫ್ರೀ ಬಿಡುತ್ತಾನಾ? ಅದಕ್ಕೇ ರಾತ್ರಿ ಇಳಿಯುವವರಿಗೆ ಆಟೋ ದುಡ್ಡು ಕೇಳುತ್ತೇವೆ.

ಸರಿ, ಎರಡೂ ಪಾಳಿ ಅಂದರೆ 42,000. ಎಲ್ಲರ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ. ಅದಕ್ಕೆ ಒಂದು ದಾರಿ ಯೋಚಿಸಿದ್ದೇವೆ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಗಳೋ ಸೊಸೆಯೋ ಆಗಲೇ ಕೆಲಸ ಬಿಟ್ಟು ನೋಡಿಕೊಳ್ಳುತ್ತಿದ್ದಾರೆ. ನಮ್ಮ ಬಿಲ್ಲಿಗೆ ಅಣ್ಣತಮ್ಮಂದಿರು ಸೇರಿ ದುಡ್ಡು ಹಾಕುತ್ತಾರೆ, ಆಕೆಗೆ ಮಾತ್ರ ಬಿಡಿಗಾಸಿಲ್ಲ. ಆ ದುಡ್ಡಿನಲ್ಲಿ ಒಂದು ಪಾಲು ಆಕೆಗೇ ಕೊಡಿ. ನಮ್ಮ ಸಿಸ್ಟರ್ ಆರು ದಿನ ಬಂದು ಕಲಿಸುತ್ತಾರೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಮೂಗಿನ ಟ್ಯೂಬಿನಲ್ಲಿ ಗಂಜಿ ಕೊಡುವಾಗ ತಲೆ ಎತ್ತರಕ್ಕೆ ಇಟ್ಟು ಆಮೇಲೂ ಅರ್ಧ ಗಂಟೆ ಹಾಗೇ ಇರಿಸೋದು, ಯೂರಿನ್ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೇ ಇರೋ ಹಾಗೆ ನೋಡಿಕೊಳ್ಳೋದು. ಇಂಜೆಕ್ಷನ್ ಕಲಿಸಲ್ಲ, ಅದು ನರ್ಸ್ ಕೆಲಸ. ಭಾನುವಾರ ನಮ್ಮವರು ಬರುತ್ತಾರೆ, ಆಕೆ ಅವತ್ತು ತವರಿಗೆ ಹೋಗಲಿ, ಇಲ್ಲಾ ಸುಮ್ನೆ ಮಲಗಲಿ. ಕಲಿಸುವ ಆರು ದಿನಕ್ಕೆ 6,000, ಒಂದೊಂದು ಭಾನುವಾರಕ್ಕೆ 850. ನೀವು ಆಕೆಗೆ ಕೊಡುವುದರಲ್ಲಿ ನಮಗೆ ಪಾಲು ಬೇಡ.

"ಸೊಸೆಗೆ ಸಂಬಳನಾ, ಮನೆ ಏನು ಹೋಟ್ಲಾ?" ಅಂತ ಒಬ್ಬ ಯಜಮಾನರು ರೇಗಿದರು. ಆಕೆ ಬಿಟ್ಟು ಬಂದ ಕೆಲಸದ ಪಿಎಫ್ ಈಗ ಯಾರು ಕಟ್ಟುತ್ತಿದ್ದಾರೆ ಸ್ವಾಮಿ?

ಕ್ಯಾಲಿಫೋರ್ನಿಯಾದಲ್ಲಿರುವ ಒಬ್ಬರ ಮಗ ಕೇಳಿದರು, ಅಲ್ಲಿ ಸರ್ಕಾರವೇ ಮನೆಯವರಿಗೆ ದುಡ್ಡು ಕೊಡುತ್ತಲ್ಲ ಅಂತ. ನಿಜ, ಅಲ್ಲಿ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಮೆಡಿ-ಕ್ಯಾಲ್ ಆರೋಗ್ಯ ವಿಮೆ ಇರುವವರನ್ನು ಮಗಳೇ ನೋಡಿಕೊಂಡರೂ ಗಂಟೆ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಮಾತಿದೆ. ಕರ್ನಾಟಕದ 2024ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಹೇಳಿದರು. ಸಾವಿರಕ್ಕೆ ಡೈಪರ್ ಕೂಡ ತಿಂಗಳಿಡೀ ಬರಲ್ಲ, ಆದರೂ ಬಿಡಬೇಡಿ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಹಿಡಿದು ತಾಲ್ಲೂಕು ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಎಂಆರ್‌ಡಬ್ಲ್ಯು (ಪುನರ್ವಸತಿ ಕಾರ್ಯಕರ್ತರು) ಹತ್ತಿರ ಕೇಳಿ. ಅರ್ಜಿ ಬರೆಯೋದಕ್ಕೆ ನಮ್ಮ ಆಫೀಸಿಗೆ ಬನ್ನಿ, ಅದಕ್ಕೆ ದುಡ್ಡಿಲ್ಲ.

ಈಗ 24 ಗಂಟೆಗೆ ಇರುವವರನ್ನು 1ನೇ ತಾರೀಕು ಬೆಳಿಗ್ಗೆ ಎಬ್ಬಿಸಿಕೊಂಡು ಬರಲ್ಲ, ಹೆದರಬೇಡಿ. ಒಂದೊಂದು ಮನೆಗೂ ನಾನೇ ಬಂದು ಕೂತು ಮಾತಾಡುತ್ತೇನೆ. ಪಾಳಿಗೆ ಹೊಸಬರು ಬಂದರೂ ನಿಮ್ಮ ಅಮ್ಮನಿಗೆ ರಾಗಿ ಗಂಜಿ ಎಷ್ಟು ತೆಳ್ಳಗಿರಬೇಕು, ಯಾವ ಮಗ್ಗುಲಿಗೆ ಮಲಗಿಸಿದರೆ ನೋವು, ಸಂಜೆ ಯಾರ ಹೆಸರು ಹಿಡಿದು ಕರೆಯುತ್ತಾರೆ, ಎಲ್ಲ ನಮ್ಮ ಪುಸ್ತಕದಲ್ಲಿ ಬರೆದಿದೆ. ಹೊಸಬರು ಅದನ್ನು ಓದಿಯೇ ನಿಮ್ಮ ಮನೆ ಬಾಗಿಲು ತಟ್ಟುತ್ತಾರೆ.

ಸಂಘದ ಪರವಾಗಿ,
ಕಾರ್ಯದರ್ಶಿ