ಸಹಿಗೆ ಮಾತ್ರ ಕರೆಯುತ್ತಾರೆ ಎಂದು ಬರೆದಿದ್ದೆಯಲ್ಲ

ಸಾಗರ
ಭಾನುವಾರ ಸಂಜೆ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನಿಮ್ಮ ಹೆಂಗಸರ ಕ್ಲಬ್ಬಿನ ಬಗ್ಗೆ ಬರೆದ ನಿನ್ನ ಕಾಗದದ ಮೂರನೆಯ ಪುಟದಲ್ಲಿ ಒಂದು ಸಾಲಿತ್ತು. ‘ಸಮಿತಿಗೆ ಬೇಕಾಗಿರುವುದು ನನ್ನ ಸಹಿ ದೊಡ್ಡಮ್ಮ, ನಾನಲ್ಲ.’ ಅದನ್ನು ಓದಿದ ಮೇಲೆ ಮುಂದಿನದು ಸರಿಯಾಗಿ ತಲೆಗೆ ಹೋಗಲೇ ಇಲ್ಲ. ಹೊಲಿಗೆ ಯಂತ್ರ ಹಂಚುವ ಕಾರ್ಯಕ್ರಮ, ಶಾಮಿಯಾನ, ಮುಖ್ಯ ಅತಿಥಿಗಳು ತಡವಾಗಿ ಬಂದದ್ದು, ಎಲ್ಲ ಚೆನ್ನಾಗಿ ಬರೆದಿದ್ದೀಯ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋಗಿ ನಿಂತದ್ದು ಆ ಸಾಲಿನಲ್ಲಿ. ಅದರ ಕೆಳಗೇ ಇನ್ನೊಂದು ಮಾತು: ಜೂನ್ ತನಕ ಹೇಗೋ ಕಳೆದು, ಆಮೇಲೆ ಸದಸ್ಯತ್ವ ನವೀಕರಿಸದೆ ಸುಮ್ಮನಾಗಿಬಿಡುತ್ತೇನೆ ಅಂತ. ಈ ಸುಮ್ಮನಾಗುವುದನ್ನು ನಾನು ಹತ್ತಿರದಿಂದ ನೋಡಿದವಳು. ಅದಕ್ಕೇ ಫೋನು ಮಾಡದೆ ಕಾಗದ ಬರೆಯಲು ಕೂತೆ. ಫೋನಿನಲ್ಲಾದರೆ ನೀನು ‘ಹೋಗಲಿ ಬಿಡಿ ದೊಡ್ಡಮ್ಮ’ ಎಂದು ಮಾತು ಮುಗಿಸಿಬಿಡುತ್ತಿದ್ದೆ.

ನಿನ್ನ ಭಯ ಸುಳ್ಳು ಎಂದು ಸಮಾಧಾನ ಹೇಳಲು ನನ್ನಿಂದಾಗದು. ಅದು ನಿಜ ಇರಬಹುದು. ಹೆಂಗಸರ ಸಂಘಗಳಲ್ಲಿ ಉಪಸಮಿತಿಯ ಪಟ್ಟಿಯಲ್ಲಿ ಹತ್ತು ಹೆಸರಿದ್ದರೂ ಓಡಾಡುವವರು ಮೂವರು. ಆ ಮೂವರಲ್ಲಿ ಒಬ್ಬರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅರ್ಧ ನಿರ್ಧಾರ ಆಗಿಹೋಗಿರುತ್ತದೆ. ಈಗ ಜಗಲಿಯ ಬದಲು ವಾಟ್ಸಾಪ್ ಗುಂಪು ಬಂದಿದೆ, ಅಷ್ಟೆ. ಫಲಾನುಭವಿಗಳ ಪಟ್ಟಿ ನಿನ್ನ ಕೈಗೆ ಬಂದದ್ದು ಸಭೆ ಮುಗಿದು ಉಪ್ಪಿಟ್ಟು ಬಡಿಸುವಾಗ, ಯಾರು ಯಾರು ಅಂತ ಓದುವ ಮೊದಲೇ ಪೆನ್ನು ಕೊಟ್ಟರು ಎಂದೆಯಲ್ಲ. ಸಂಚಾಲಕಿ ನೀನು, ಆದರೆ ಪಟ್ಟಿ ಮಾಡಿದ್ದು ಬೇರೆಯವರು. ಇದರಲ್ಲಿ ನಿನಗೆ ಅವಮಾನ ಆದದ್ದು ಸಹಜ.

ಆದರೆ ಇದೆಲ್ಲ ಕೆಟ್ಟ ಮನಸ್ಸಿನಿಂದಲೇ ಆಗುತ್ತದೆ ಅಂತ ಮಾತ್ರ ತಿಳಿಯಬೇಡ. ನಿಮ್ಮದು ಜುಲೈ 1ಕ್ಕೆ ಹೊಸ ಅಧ್ಯಕ್ಷೆ ಬಂದು ಜೂನ್ 30ಕ್ಕೆ ಇಳಿಯುವ ಕ್ಲಬ್ಬು. ಮೊದಲ ತಿಂಗಳುಗಳು ಪದಗ್ರಹಣ, ಪರಿಚಯ, ಹಬ್ಬಗಳಲ್ಲಿ ಹೋಗುತ್ತವೆ. ಕೊನೆಯ ತಿಂಗಳುಗಳು ವರದಿ ಬರೆಯುವುದರಲ್ಲಿ. ಕ್ಲಬ್ಬಿನ ಜಿಲ್ಲಾ ಪದಾಧಿಕಾರಿಗಳು ಭೇಟಿಗೆ ಬರುವ ಹೊತ್ತಿಗೆ ಏನಾದರೂ ಮುಗಿದಿರಬೇಕು, ಫೋಟೋದಲ್ಲಿ ಕಾಣಬೇಕು. ಹಾಗಾಗಿ ಒಂದು ದಿನದಲ್ಲಿ ಕೊಟ್ಟು ಮುಗಿಸುವ ಯಂತ್ರ, ಸೀರೆ, ನೋಟ್‌ಬುಕ್ಕು ಇವಕ್ಕೆ ಬೇಗ ಕೈ ಎತ್ತುತ್ತಾರೆ. ಯಂತ್ರ ಪಡೆದ ಹುಡುಗಿಗೆ ಬ್ಲೌಸು ಹೊಲಿಯಲು ಯಾರು ಕಲಿಸುತ್ತಾರೆ, ಸೂಜಿ ಮುರಿದರೆ ಯಾರ ಹತ್ತಿರ ಹೋಗಬೇಕು ಎನ್ನುವುದು ಮುಂದಿನ ವರ್ಷದ ಸಮಿತಿಯ ಪಾಲಿಗೆ. ಮುಂದಿನ ಸಮಿತಿಗೆ ಅದು ಹಳೆಯವರ ಕೆಲಸ. ನಿನ್ನ ಅಧ್ಯಕ್ಷೆಯ ಅವಸರ ನನಗೆ ಅರ್ಥವಾಗುತ್ತದೆ. ಆ ಅವಸರಕ್ಕೆ ನಿನ್ನ ಸಹಿ ಸಾಕಾಗಿದೆ, ನಿನ್ನ ಯೋಚನೆಗೆ ಕಾಯಲು ಹೊತ್ತಿಲ್ಲ. ನೀನು ಹೆದರಿದ್ದು ಇದಕ್ಕೇ ಅಲ್ಲವೇ?

ನಮ್ಮ ಮಹಿಳಾ ಸಮಾಜದ ಕತೆ ನಿನಗೆ ಅಷ್ಟು ಗೊತ್ತಿಲ್ಲ. ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ, ಅವಳು ಆಗ ಕಾಲೇಜಿನಲ್ಲಿದ್ದಳು. ಶುಕ್ರವಾರದ ಭಜನೆಗೆ ಸೇರುತ್ತಿದ್ದ ಹೆಂಗಸರು ಸಮಿತಿ ಕಟ್ಟಿದ್ದು ಅನುದಾನದ ಕಾರಣಕ್ಕೆ. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಶುರುವಾದ ಮೇಲೆ ಸಣ್ಣ ಊರುಗಳ ಸಮಾಜಗಳಿಗೂ ಬಾಲವಾಡಿಗೆ, ಹೊಲಿಗೆ ತರಗತಿಗೆ ದುಡ್ಡು ಸಿಗತೊಡಗಿತು. ದುಡ್ಡು ಬೇಕೆಂದರೆ ನೋಂದಣಿ ಬೇಕು, ಬೈಲಾ ಅಂದರೆ ಸಂಘದ ನಿಯಮಗಳ ಪುಸ್ತಕ ಬೇಕು, ಕಾರ್ಯಕಾರಿ ಸಮಿತಿ, ಖಜಾಂಚಿ, ಲೆಕ್ಕಪರಿಶೋಧನೆ ಬೇಕು. ನಾನು ಎಪ್ಪತ್ತರ ದಶಕದಲ್ಲಿ ಸೇರಿದಾಗ ಇವೆಲ್ಲ ಇದ್ದವು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಮೂರೂವರೆಗೆ ಸಭೆ. ಅಧ್ಯಕ್ಷಗಿರಿ ಹೆಚ್ಚಾಗಿ ಊರಿಗೆ ವರ್ಗವಾಗಿ ಬಂದ ಅಧಿಕಾರಿಯ ಹೆಂಡತಿಗೆ. ಅವರು ಒಳ್ಳೆಯವರೇ ಇರುತ್ತಿದ್ದರು. ಆದರೆ ಗಂಡನಿಗೆ ವರ್ಗವಾದೊಡನೆ ಹೊರಟುಬಿಡುತ್ತಿದ್ದರು, ಕುರ್ಚಿ ಖಾಲಿ. ಕೆಲಸ ಉಳಿಯುತ್ತಿದ್ದದ್ದು ಊರಿನವರ ಹೆಗಲ ಮೇಲೆ.

ನಮ್ಮ ಖಜಾಂಚಿ ನನ್ನ ಗೆಳತಿ. ಹೆಸರು ಬರೆಯುವುದು ಬೇಡ, ಅವಳ ಮಕ್ಕಳು ಈಗಲೂ ಈ ಊರಿನಲ್ಲಿದ್ದಾರೆ. ಮಿಡ್ಲ್ ಸ್ಕೂಲಿಗೇ ಓದು ನಿಂತಿತ್ತು, ಆದರೆ ಲೆಕ್ಕದಲ್ಲಿ ಒಂದು ಪೈಸೆ ತಪ್ಪುತ್ತಿರಲಿಲ್ಲ. ಹಪ್ಪಳ ಉಪ್ಪಿನಕಾಯಿ ಮಾರಿದ ಚಿಲ್ಲರೆಯನ್ನೂ ಅಂದಂದೇ ಬರೆದಿಡುತ್ತಿದ್ದಳು. ಒಂದು ವರ್ಷ ಕಟ್ಟಡ ಸಮಿತಿಯವರು ಸಮಾಜದ ಸಭಾಂಗಣವನ್ನು ಮದುವೆಗಳಿಗೆ ಬಾಡಿಗೆಗೆ ಕೊಡೋಣ ಎಂದರು. ಹೆಂಚು ಬದಲಿಸಲು ದುಡ್ಡು ಬೇಕಿತ್ತು, ಅದೂ ಸುಳ್ಳಲ್ಲ. ಬಾಲವಾಡಿ ನಡೆಯುತ್ತಿದ್ದದ್ದು ಅದೇ ಸಭಾಂಗಣದಲ್ಲಿ. ಮಾಘ ಫಾಲ್ಗುಣದ ಲಗ್ನದ ದಿನಗಳಲ್ಲಿ ಮಕ್ಕಳನ್ನು ಎಲ್ಲಿ ಕೂರಿಸುವುದು ಎಂದು ಸಭೆಯಲ್ಲಿ ಕೇಳಿದವಳು ಅವಳೊಬ್ಬಳೇ. ಯಾರೋ ‘ಅದನ್ನು ಆಮೇಲೆ ನೋಡೋಣ’ ಎಂದರು. ಮುಂದಿನ ವಿಷಯಕ್ಕೆ ಹೋದರು. ಕೊನೆಗೆ ಪುಸ್ತಕ ಮುಂದೆ ಬಂತು, ಎಲ್ಲರಂತೆ ಅವಳೂ ಸಹಿ ಹಾಕಿದಳು.

ನಾನು ಆ ಸಭೆಯಲ್ಲಿ ಇರಲಿಲ್ಲ. ನಿನ್ನ ಅಜ್ಜನಿಗೆ ಪಾರ್ಶ್ವವಾಯು ಬಡಿದು ತವರಿನಲ್ಲಿದ್ದೆ. ತಿಂಗಳುಗಳು ಕಳೆದು ವಾಪಸು ಬಂದಾಗ ಅವಳು ಸಮಾಜಕ್ಕೆ ಬರುತ್ತಿರಲಿಲ್ಲ. ಕ್ಯಾಶ್ ಡಬ್ಬಿಯನ್ನೂ ಲೆಕ್ಕದ ಪುಸ್ತಕವನ್ನೂ ಮಗನ ಕೈಯಲ್ಲಿ ಕಳಿಸಿದ್ದಳಂತೆ. ಕಾಗದವಿಲ್ಲ, ರಾಜೀನಾಮೆಯಿಲ್ಲ. ನಾನು ನಡವಳಿ ಪುಸ್ತಕ ತೆಗೆದು ನೋಡಿದೆ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿದೆ. ಕೆಳಗೆ ಅವಳ ದುಂಡನೆಯ ಸಹಿ. ಅವಳು ಕೇಳಿದ ಪ್ರಶ್ನೆ ಎಲ್ಲೂ ಇಲ್ಲ. ಬಾಲವಾಡಿ ಮೊದಲು ಹಿಂದಿನ ಜಗಲಿಗೆ ಹೋಯಿತು. ಮಳೆಗಾಲದಲ್ಲಿ ಎರಚಲು. ಮಕ್ಕಳು ಕಮ್ಮಿಯಾದವು. ಒಂದೆರಡು ವರ್ಷದಲ್ಲಿ ನಿಂತಿತು.

ನಮ್ಮಲ್ಲಿ ಯಾರೂ ಅವಳ ಮನೆಗೆ ಅದಕ್ಕೆಂದೇ ಹೋಗಲಿಲ್ಲ ಪುಟ್ಟಿ. ನವರಾತ್ರಿಗೆ ಕುಂಕುಮಕ್ಕೆ ಹೋದೆವು, ಅವಳ ಮಗಳ ಸೀಮಂತಕ್ಕೆ ಹೋದೆವು, ಸಂತೆಯಲ್ಲಿ ಸಿಕ್ಕಾಗ ಬದನೆಕಾಯಿಯ ಬೆಲೆಯಿಂದ ಹಿಡಿದು ಎಲ್ಲ ಮಾತಾಡಿದೆವು. ಸಮಾಜದ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅವಳು ಹೋಗಿ ಈಗ ಬಹಳ ಕಾಲವಾಯಿತು. ‘ಆ ದಿನ ನಿನಗೆ ಏನನ್ನಿಸಿತು’ ಎಂದು ಅವಳನ್ನು ಕೇಳುವ ಆಸೆ ನನ್ನಲ್ಲಿ ಹಾಗೇ ಉಳಿದಿದೆ. ನೀನು ‘ಸಹಿ ಬೇಕು, ನಾನು ಬೇಡ’ ಎಂದು ಬರೆದದ್ದನ್ನು ಓದಿದಾಗ, ಅವಳು ಹೇಳದೆ ಹೋದದ್ದನ್ನು ನೀನು ಹೇಳಿದಂತೆ ಅನ್ನಿಸಿ ನನಗೆ ಅಳು ಬಂತು.

ಪೇಟೆಯ ದೊಡ್ಡ ಸಂಸ್ಥೆಗಳಲ್ಲಿ ಸಭೆಯಲ್ಲಿ ಜಗಳವಾಡಿ ಹೊರಗೆ ಬಂದರೆ ಆಯಿತು. ನಮ್ಮ ಊರುಗಳಲ್ಲಿ ಹಾಗಲ್ಲ. ಸಮಿತಿಯಲ್ಲಿ ಎದುರು ಕೂತವಳು ನಿನ್ನ ನಾದಿನಿಯ ಓರಗಿತ್ತಿ, ಪಕ್ಕದವಳು ಗಂಡನ ಬ್ಯಾಂಕಿನ ಮ್ಯಾನೇಜರರ ಹೆಂಡತಿ. ‘ಅವಿರೋಧ ಆಯ್ಕೆ’ ಎಂದರೆ ಎಲ್ಲರಿಗೂ ಹೆಮ್ಮೆ, ಚುನಾವಣೆ ಎಂದರೆ ಅಪಶಕುನ. ಒಬ್ಬಳು ‘ಇದು ನನಗೆ ಒಪ್ಪಿಗೆಯಿಲ್ಲ’ ಎಂದರೆ ಅದು ಆ ವಿಷಯದ ಮೇಲಿನ ಮಾತಾಗಿ ಉಳಿಯುವುದಿಲ್ಲ, ಮನೆತನದ ಮೇಲಿನ ಮಾತಾಗುತ್ತದೆ. ಹಾಗಾಗಿ ಬಾಯಿ ಮುಚ್ಚುತ್ತೇವೆ, ಸಹಿ ಹಾಕುತ್ತೇವೆ, ಆಮೇಲೆ ಬರುವುದನ್ನೇ ನಿಲ್ಲಿಸುತ್ತೇವೆ. ನೀನು ಹೇಡಿ ಅಂತ ನಾನು ಖಂಡಿತ ಅಂದುಕೊಂಡಿಲ್ಲ. ಈ ಮುಜುಗರ ಎಷ್ಟು ಭಾರ ಎಂದು ನನಗೆ ಗೊತ್ತು.

ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಉಪಾಯ ಏನೂ ಇಲ್ಲ. ನಿಮ್ಮ ಕ್ಲಬ್ಬಿನ ಬೈಲಾ ತರಿಸಿಕೊಂಡು ಓದು ಎಂದಷ್ಟೇ ಹೇಳಬಲ್ಲೆ. ಕೋರಂ ಎಷ್ಟು, ಅಂದರೆ ಸಭೆ ನಡೆಯಲು ಕನಿಷ್ಠ ಎಷ್ಟು ಜನ ಇರಬೇಕು, ಉಪಸಮಿತಿಗೆ ತೀರ್ಮಾನಿಸುವ ಅಧಿಕಾರ ಇದೆಯೋ ಅಥವಾ ಶಿಫಾರಸು ಮಾತ್ರವೋ, ಎಷ್ಟು ದಿನ ಮುಂಚೆ ನೋಟಿಸು ಕೊಡಬೇಕು, ಚೆಕ್ಕಿಗೆ ಯಾರು ಯಾರು ಸಹಿ ಹಾಕಬೇಕು, ಎಲ್ಲ ಅದರಲ್ಲೇ ಇರುತ್ತದೆ. ಸಾಮಾನ್ಯವಾಗಿ ಸದಸ್ಯರಲ್ಲಿ ಅದನ್ನು ಓದಿದವರು ಕಮ್ಮಿ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ್ದಾದರೆ ವರ್ಷಕ್ಕೊಮ್ಮೆ ಮಹಾಸಭೆ ಆಗಲೇಬೇಕು, ಅದಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಜಮಾಖರ್ಚಿನ ತಃಖ್ತೆ ರಿಜಿಸ್ಟ್ರಾರರ ಕಚೇರಿಗೆ ಹೋಗಬೇಕು. ಅಂದರೆ ನೀನು ಉಪ್ಪಿಟ್ಟಿನ ಹೊತ್ತಿಗೆ ಹಾಕಿದ ಸಹಿ ಆ ಸಭೆಯ ಕೋಣೆಯಲ್ಲೇ ಉಳಿಯುವುದಿಲ್ಲ. ಮುಂದೆ ಯಾರಾದರೂ ‘ಈ ಹದಿನೈದು ಜನರನ್ನು ಆರಿಸಿದ್ದು ಯಾರು’ ಎಂದು ಕೇಳಿದರೆ ಆ ಕಾಗದ ತೋರಿಸುವುದು ನಿನ್ನ ಹೆಸರನ್ನು. ಇದನ್ನು ಹೇಳಿ ನಿನ್ನನ್ನು ಇನ್ನಷ್ಟು ಹೆದರಿಸಿದೆನೋ ಏನೋ. ನನ್ನ ಉದ್ದೇಶ ಅದಲ್ಲ. ಅವರಿಗೆ ನಿನ್ನ ಸಹಿ ಬೇಕೇ ಬೇಕು ಎಂದಾದರೆ, ಹಾಕುವ ಮೊದಲು ಕೇಳುವ ಹಕ್ಕೂ ನಿನಗೆ ಅಲ್ಲಿಂದಲೇ ಬರುತ್ತದೆ ಎಂದು ಹೇಳಬೇಕಿತ್ತು.

ಸಮಾಜದಲ್ಲಿ ನಮಗಿಂತ ಬಹಳ ಹಿರಿಯರೊಬ್ಬರು ಇದ್ದರು, ಅಖಿಲ ಭಾರತ ಮಹಿಳಾ ಸಮ್ಮೇಳನದ ಮಾತು ಆಗಾಗ ಎತ್ತುತ್ತಿದ್ದರು. ಹೆಣ್ಣುಮಕ್ಕಳ ಓದಿನ ವಿಚಾರಕ್ಕೆಂದು 1927ರಲ್ಲಿ ಪುಣೆಯಲ್ಲಿ ಸೇರಿದ ಸಭೆ ಅದು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ಸಂಘಟನಾ ಕಾರ್ಯದರ್ಶಿಯಾಗಿ ಊರೂರು ಸುತ್ತಿದವರು. ನಿರ್ಣಯ ಎಂದರೆ ಬರೀ ಕಾಗದ ಎಂದು ನಾವು ಬೇಸರಪಟ್ಟಾಗ ಆ ಹಿರಿಯರು ಹೇಳುತ್ತಿದ್ದದ್ದು ಇದನ್ನೇ: ಬಾಲ್ಯವಿವಾಹ ಬೇಡ ಎಂದು ಆ ಹೆಂಗಸರು ಒತ್ತಾಯ ಹಾಕುತ್ತಾ ಬಂದರು, 1929ರಲ್ಲಿ ಶಾರದಾ ಕಾಯ್ದೆ ಬಂತು, ಹೆಣ್ಣುಮಕ್ಕಳಿಗೊಂದು ಕಾಲೇಜು ಬೇಕೆಂದರು, 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಬಾಗಿಲು ತೆರೆಯಿತು. ಅವರಲ್ಲೂ ಒಮ್ಮತ ಇರಲಿಲ್ಲವಂತೆ. ರಾಜಕೀಯಕ್ಕೆ ಕೈ ಹಾಕಬೇಕೋ ಬೇಡವೋ ಎಂದು ವಾದ ನಡೆಯುತ್ತಲೇ ಇತ್ತಂತೆ. ಆದರೂ ಕೆಲಸ ನಿಲ್ಲಲಿಲ್ಲ. ನನಗೆ ಆಗ ಅದು ದೊಡ್ಡವರ ಕತೆ ಅನ್ನಿಸುತ್ತಿತ್ತು. ಈಗ ಅನ್ನಿಸುತ್ತದೆ, ನಮ್ಮ ಗೆಳತಿಯ ಆ ಒಂದು ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದಿದ್ದರೂ ಸಾಕಿತ್ತು. ಮುಂದಿನ ಸಭೆಯಲ್ಲಿ ಹಿಂದಿನ ನಡವಳಿ ಓದಿ ದೃಢೀಕರಿಸುತ್ತಾರಲ್ಲ, ಆಗ ಅದು ಮತ್ತೊಮ್ಮೆ ಎಲ್ಲರ ಕಿವಿಗೆ ಬೀಳುತ್ತಿತ್ತು.

ನೀನು ಅದನ್ನು ಮಾಡಬಹುದೇನೋ. ಜಗಳವೇನೂ ಬೇಡ. ನಡವಳಿ ಓದುವಾಗ, ‘ಪಟ್ಟಿ ಸಮಿತಿಯ ಮುಂದೆ ಮೊದಲೇ ಬರಲಿ ಎಂದು ನಾನು ಕೇಳುತ್ತಿದ್ದೇನೆ, ಅದನ್ನೂ ಬರೆದುಕೊಳ್ಳಿ’ ಎಂದರೆ ಸಾಕು. ಅದಕ್ಕೂ ಮೊದಲು, ಕಾರ್ಯದರ್ಶಿಯ ಮನೆಗೆ ನೀನೊಬ್ಬಳೇ ಹೋಗಿ ಮೆಲ್ಲಗೆ ಹೇಳಿ ಬರುವುದು ಒಳ್ಳೆಯದು. ಎಲ್ಲರ ಎದುರು ಮೊದಲ ಸಲ ಕೇಳಿದರೆ ಅವರಿಗೂ ಮುಖಭಂಗ. ಸಭೆಯ ಮುಂಚಿನ ಮಾತುಕತೆಯನ್ನು ಅವರು ಮಾತ್ರ ಮಾಡಬೇಕೆಂದಿಲ್ಲವಲ್ಲ. ನಿನ್ನಂತೆಯೇ ಒಳಗೊಳಗೇ ಕಸಿವಿಸಿಪಡುವವರು ಇನ್ನೊಬ್ಬರು ಇದ್ದೇ ಇರುತ್ತಾರೆ. ನೀನು ಸೂಚಿಸಿದ್ದನ್ನು ಅನುಮೋದಿಸಲು ಒಬ್ಬರು ಬೇಕು, ಇಲ್ಲದಿದ್ದರೆ ಮಾತು ಅಲ್ಲೇ ಬಿದ್ದುಹೋಗುತ್ತದೆ. ನೌಕರಿಗೆ ಹೋಗುವ ಸದಸ್ಯೆಯರಿಗೆ ಮಧ್ಯಾಹ್ನದ ಸಭೆಗೆ ಬರಲಾಗುವುದಿಲ್ಲ ಎಂದು ಹಿಂದೊಮ್ಮೆ ಬರೆದಿದ್ದೆ. ಅವರಲ್ಲಿ ಯಾರನ್ನಾದರೂ ಕೇಳಿ ನೋಡು. ಇದೆಲ್ಲ ಹಳೆಯ ಕಾಲದವಳ ಮಾತು, ಈಗ ನಡೆಯುತ್ತದೋ ಇಲ್ಲವೋ, ನಿನಗೇ ಗೊತ್ತು.

ಇದೆಲ್ಲ ಮಾಡಿಯೂ ಅವರು ಮತ್ತೆ ಸಹಿಗೆ ಮಾತ್ರ ಕರೆದರೆ? ರಾತ್ರಿ ಮಲಗಿದಾಗ ಇದನ್ನೇ ಯೋಚಿಸಿದೆ. ಆಗ ಬಿಡು. ಬಿಡಬಾರದೆಂದು ನಾನು ಹಟ ಮಾಡುವುದಿಲ್ಲ. ಆದರೆ ಅಧ್ಯಕ್ಷೆಗೆ ಒಂದು ಕಾಗದ ಬರೆದು, ಯಾಕೆಂದು ಎರಡು ಸಾಲಿನಲ್ಲಿ ಹೇಳಿ, ಅದರ ಪ್ರತಿ ಇಟ್ಟುಕೊಂಡು ಬಿಡು. ಜೂನ್ ಕಳೆಯಲಿ ಎಂದು ಕಾದು ಸದ್ದಿಲ್ಲದೆ ಜಾರಿಕೊಳ್ಳಬೇಡ. ಅದೊಂದನ್ನು ನನ್ನಿಂದ ನೋಡಲಾಗದು.

ಹೊಲಿಗೆ ಯಂತ್ರ ಪಡೆದವರಲ್ಲಿ ಒಬ್ಬ ಹುಡುಗಿಗೆ ಒಂದು ಕಾಲು ಬಲವಿಲ್ಲ, ಪೆಡಲ್ ತುಳಿಯಲಾರಳು ಎಂದು ಬರೆದಿದ್ದೆಯಲ್ಲ. ಅದನ್ನು ಗಮನಿಸಿದವಳು ಆ ಸಮಿತಿಯಲ್ಲಿ ನೀನೊಬ್ಬಳೇ ತಾನೇ? ಮೋಟಾರು ಕೂರಿಸಿದರೆ ಅವಳಿಗೆ ಅನುಕೂಲ. ಅದಕ್ಕೆ ಎಷ್ಟಾಗುತ್ತದೆ ವಿಚಾರಿಸಿ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲು ಕಾರ್ಯದರ್ಶಿಗೆ ಬರೆದು ಕೊಡು. ಕ್ಲಬ್ಬಿನಿಂದ ಆಗದಿದ್ದರೆ ನನಗೆ ತಿಳಿಸು, ಪಿಂಚಣಿಯಲ್ಲಿ ಸ್ವಲ್ಪ ಹೊಂದಿಸಿ ಕಳಿಸುತ್ತೇನೆ.

ಮುಂದಿನ ಸಭೆ ಯಾವತ್ತು ಅಂತ ಬರಿ. ಬೈಲಾ ಸಿಕ್ಕಿದರೆ ಒಂದು ಜೆರಾಕ್ಸ್ ಇಲ್ಲಿಗೂ ಕಳಿಸು, ಇಂಗ್ಲಿಷಿನಲ್ಲಿದ್ದರೆ ನಿನ್ನ ದೊಡ್ಡಪ್ಪ ಓದಿ ಹೇಳುತ್ತಾರೆ.

ಇಂತಿ ನಿನ್ನ
ದೊಡ್ಡಮ್ಮ