ಲಾಯದ ಪಾಠವೂ ಬೇಕು

ಮಾನ್ಯ ಸಂಪಾದಕರೆ,

ಅಶ್ವಪಾಲನೆ ಮತ್ತು ಕೃಷಿ ವ್ಯವಹಾರ ನಿರ್ವಹಣೆಯ ಪದವಿಗೆ ಸೇರಬಯಸುವ ಪುಣೆಯ ಕನ್ನಡದ ಮಕ್ಕಳು ಮೊದಲು ಕೇಳಬೇಕಾದದ್ದು, ಲಾಯದಲ್ಲಿ ವಾರಕ್ಕೆ ಎಷ್ಟು ಗಂಟೆ ಕೆಲಸ ಎಂದು. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣಮೇವು, 25-40 ಲೀಟರ್ ನೀರು ಬೇಕು; 4-6 ವಾರಕ್ಕೊಮ್ಮೆ ಲಾಳ ತೆಗೆದು ಗೊರಸು ಕೆತ್ತಿಸಬೇಕು. ತಿಂಗಳ ಖರ್ಚು ಶುರುವಾಗುವುದೇ ಇಲ್ಲಿಂದ.

ದುಡ್ಡು ಉಳಿಸಲೆಂದು ಮೇವನ್ನು ಒಮ್ಮೆಗೇ ಬದಲಿಸಿದರೆ ಹೊಟ್ಟೆಶೂಲೆ ಬರಬಹುದು. ಕುದುರೆಗೆ ವಾಂತಿ ಮಾಡಲಾಗದು, ಜೀವಕ್ಕೇ ಕುತ್ತು. ಹೊಸ ಮೇವನ್ನು ಹಳೆಯದಕ್ಕೆ ಬೆರೆಸುತ್ತ 7-10 ದಿನದಲ್ಲಿ ಬದಲಿಸಬೇಕು. ಇಲ್ಲಿನ ಮಳೆಗಾಲದಲ್ಲಂತೂ ಹುಲ್ಲಿನ ಕಟ್ಟು ಬಿಚ್ಚಿ ಮೂಸಲೇಬೇಕು. ಬೂಷ್ಟಿನ ಧೂಳೆದ್ದರೆ ಎಷ್ಟೇ ಅಗ್ಗವಾದರೂ ಬೇಡ. ಇಷ್ಟನ್ನು ಕೈಯಾರೆ ಮಾಡಿಸದ ಕೋರ್ಸಿಗೆ ದಯವಿಟ್ಟು ಶುಲ್ಕ ಕಟ್ಟಬೇಡಿ.

— ಅಶ್ವಪಾಲಕರು, ಪುಣೆ