‘ಯಾವ ಪೇಪರಿನವನು?’ ಎಂದು ಕೇಳಿದ ನಗರಸೇವಕರಿಗೆ

ಮಾನ್ಯ ನಗರಸೇವಕರೇ, ನಮಸ್ಕಾರ.

ಕಳೆದ ತಿಂಗಳು ಮಾರ್ಕೆಟ್ ಗಲ್ಲಿಯಲ್ಲಿ ಮುಚ್ಚಳವಿಲ್ಲದ ಮ್ಯಾನ್‌ಹೋಲಿನ ವಿಡಿಯೋ ಮಾಡುತ್ತಿದ್ದೆ. ತರಕಾರಿ ಮಾರುವ ಕಲಬುರಗಿಯ ಅಜ್ಜಿ ಅದರೊಳಗೆ ಬಿದಿರು ಗಳ ಇಳಿಬಿಟ್ಟು, ತುದಿಗೆ ಕೆಂಪು ರವಿಕೆ ತುಂಡು ಕಟ್ಟಿದ್ದರು. ಎಚ್ಚರಿಕೆಯ ಫಲಕ ಅಂತ ಅಲ್ಲಿದ್ದದ್ದು ಅದೊಂದೇ. ತಾವು ಗಾಡಿಯ ಗಾಜು ಇಳಿಸಿ ಕೇಳಿದಿರಿ: “ಕೋಣತ್ಯಾ ಪೇಪರ್‌ಚಾ ತೂ?” ಯಾವ ಪೇಪರಿನವನೂ ಅಲ್ಲ, ಹೋಟೆಲಿನ ಗಲ್ಲೆಯಲ್ಲಿ ಕೂರುವವನು, ರಾತ್ರಿ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆ ಅಂದೆ. ಪ್ರೆಸ್ ಕಾರ್ಡ್ ಇಲ್ಲದವರಿಗೆ ಶೂಟಿಂಗ್ ಯಾಕೆ ಅಂದಿರಿ.

ಅವತ್ತು ಬಾಯಿಗೆ ಬಾರದ ಉತ್ತರ ಈಗ ಬರೆಯುತ್ತಿದ್ದೇನೆ. ನಮ್ಮ ಸಂವಿಧಾನದಲ್ಲಿ ಪತ್ರಿಕೆಗಳಿಗೆಂದೇ ಬೇರೆ ವಿಧಿ ಇಲ್ಲ. ದೊಡ್ಡ ಸಂಪಾದಕರೂ ಬರೆಯುವುದು ನಾಗರಿಕರೆಲ್ಲರಿಗೂ ವಾಕ್ ಸ್ವಾತಂತ್ರ್ಯ ಕೊಟ್ಟ 19(1)(ಎ) ವಿಧಿಯ ಬಲದಿಂದಲೇ. ಗಲ್ಲೆಯವನೂ ಅದರಲ್ಲೇ ಬಂದ. 2012ರಲ್ಲಿ ಇಲ್ಲೇ ಪಕ್ಕದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಬಂಧಿಸಿದ್ದರು. ಒಬ್ಬಳು ಫೇಸ್‌ಬುಕ್‌ನಲ್ಲಿ ಬರೆದಿದ್ದಳು, ಇನ್ನೊಬ್ಬಳು ಬರೀ ಲೈಕ್ ಒತ್ತಿದ್ದಳು. ಅವರ ಮೇಲೆ ಹಾಕಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟೇ ತೆಗೆದುಹಾಕಿತು.

ಬರೀ ಮ್ಯಾನ್‌ಹೋಲ್ ತಾನೇ ಅನ್ನಬೇಡಿ. 2017ರ ಆಗಸ್ಟ್ 29ರ ಮುಂಬೈ ಮಳೆಯಲ್ಲಿ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದರು. ಶವ ಸಿಕ್ಕಿದ್ದು ಎರಡು ದಿನದ ಮೇಲೆ, ವರ್ಲಿಯಲ್ಲಿ. ಗಲ್ಲಿಗಲ್ಲಿಗೂ ವರದಿಗಾರರನ್ನು ಕಳಿಸಲು ಯಾವ ಪತ್ರಿಕೆಗೂ ಆಗದು. ನನ್ನ ಚಿತ್ರವೇ ಎಂಟು ದಿನದ ನಂತರ ಒಂದು ಪೇಪರಿನಲ್ಲಿ ಬಂತು, ಹೆಸರಿಲ್ಲದೆ, ‘ಓದುಗರು ಕಳಿಸಿದ್ದು’ ಎಂದು. (ನಾನು ಕಳಿಸಿರಲಿಲ್ಲ. ಆದರೂ ಎರಡು ಪ್ರತಿ ಕೊಂಡೆ.)

ನಮ್ಮಲ್ಲೂ ಹುಳುಕಿದೆ. ಹಿಂದೊಮ್ಮೆ ಹಳೇ ಮಳೆಯ ವಿಡಿಯೋವನ್ನು ಇವತ್ತಿನದೆಂದು ಹಾಕಿಬಿಟ್ಟಿದ್ದೆ. ಕೆಡವಿ ವರ್ಷಗಳಾದ ಟಾಕೀಸಿನ ಬೋರ್ಡು ಅದರಲ್ಲಿ ಕಾಣುತ್ತಿದೆಯಲ್ಲ ಎಂದು ಓದುಗರೇ ಕಿವಿ ಹಿಂಡಿದರು. ತಪ್ಪಾಯಿತೆಂದು ಮೇಲುಗಡೆಯೇ ಬರೆದೆ. ತಿದ್ದುವ ಸಂಪಾದಕನಿಲ್ಲದ ಬರವಣಿಗೆಗೆ ಆ ಭಯ ಇದ್ದೇ ಇರಬೇಕು.

ಹಾಗಾಗಿ ಕೇಳುವುದು ಇಷ್ಟೇ. ಯಾವ ಕೆಲಸ, ಯಾವ ಗುತ್ತಿಗೆದಾರ, ಎಂದು ಮುಗಿಯಬೇಕು ಎಂಬುದನ್ನು ವಾರ್ಡ್ ಕಚೇರಿಯ ಬಾಗಿಲಲ್ಲೇ ತೂಗುಹಾಕಿಸಿ. ಇಂಥದ್ದನ್ನು ಕೇಳದೆಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಲ್ಲಿದೆ. ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ.

ಪೇಪರಿನಲ್ಲಿ ಬಂದ ಮೇಲೆ ಮುಚ್ಚಳವೇನೋ ಬಂತು. ಅಜ್ಜಿ ಗಳ ಮಾತ್ರ ತೆಗೆದಿಲ್ಲ, ಪಕ್ಕಕ್ಕೇ ಒರಗಿಸಿಟ್ಟಿದ್ದಾರೆ. “ಇನ್ನಾ ಅಲ್ಲಾಡ್ಲಾಕತ್ತದ ತಮ್ಮಾ” ಅನ್ನುತ್ತಾರೆ. ಭಾನುವಾರ ಫೋನ್ ಹಿಡಿದು ಹೋಗುವವನಿದ್ದೇನೆ. ತಾವೂ ಬಂದು ಒಮ್ಮೆ ಕಾಲಿಟ್ಟು ನೋಡಿ.

ಇತಿ,
ತಮ್ಮ ವಾರ್ಡಿನ ಮತದಾರ